ಕೂತು ಕಂಡ ಜಾವಾ

ಜಾವಾ ಮೋಟರ್‌ಸೈಕಲ್ಲಿಗೆ ಕಿಕ್ ಬೇರೆ, ಗೇರ್ ಬೇರೆ ಇಲ್ಲ. ಎಡಗಡೆ ಇರುವುದು ಒಂದೇ ಲಿವರ್. ಅದನ್ನು ಎಂಜಿನ್ ಕಡೆಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್. ಗಾಡಿ ಸ್ಟಾರ್ಟ್ ಆದಮೇಲೆ ಮತ್ತೆ ಮುಂದಕ್ಕೆ ಮಲಗಿಸಿದರೆ ಗೇರ್. ಅಷ್ಟಕ್ಕೇ ಮುಗಿಯಲಿಲ್ಲ. ಗೇರ್ ಬದಲಿಸಲೆಂದು ಪಾದ ಒತ್ತಿದಾಗ ಲಿವರ್ ಸಾಗುವ ಮೊದಲ ಒಂದಿಷ್ಟು ದೂರದಲ್ಲೇ ಒಳಗೆ ಕ್ಲಚ್ ಬಿಟ್ಟುಕೊಳ್ಳುತ್ತದೆ. ಕೈಯ ಕ್ಲಚ್ ಮುಟ್ಟದೆಯೇ ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಹೋಗಬಹುದು. ಉಕ್ಕಿನ ಒಂದು ಕಡ್ಡಿ, ಮೂರು ಕೆಲಸ. ಇಷ್ಟು ಕಡಿಮೆಯಲ್ಲಿ ಇಷ್ಟು ಮಾಡಬೇಕೆಂದು ಯಾರೋ ಕೂತು ಯೋಚಿಸಿದ್ದಾರಲ್ಲ, ಆ ಯೋಚನೆಯ ಮೇಲೇ ನನಗೆ ಮೋಹ.

ಈ ಲಿವರನ್ನು ವರ್ಷಗಟ್ಟಲೆ ತುಳಿದಿದ್ದೆ, ನೋಡಿರಲಿಲ್ಲ. ಪಾದಕ್ಕೆ ಪರಿಚಯವಿತ್ತು, ಕಣ್ಣಿಗಿರಲಿಲ್ಲ. ಕಣ್ಣಿಗೆ ಪರಿಚಯವಾದದ್ದು ಅದನ್ನು ತುಳಿಯುವ ಎಡಗಾಲೇ ಮುರಿದು ಮನೆಯಲ್ಲಿ ಕೂತ ಮೇಲೆ.

ಬಿದ್ದದ್ದು ಜಾವಾದಿಂದಲ್ಲ. ಹುಣಸೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಯಾರೋ ಚೆಲ್ಲಿ ಹೋಗಿದ್ದ ಜಲ್ಲಿಯ ಮೇಲೆ ಹೊಸ ಗಾಡಿಯ ಮುಂದಿನ ಚಕ್ರ ಜಾರಿತು. ಗಾಡಿಗೆ ನಾಲ್ಕು ಗೀರು, ನನಗೆ ಮೊಣಕಾಲಿನ ಕೆಳಗಿನ ದಪ್ಪ ಮೂಳೆ ಎರಡು ತುಂಡು. ಮೂಳೆಯ ಟೊಳ್ಳಿನೊಳಗೆ ಉದ್ದಕ್ಕೂ ಒಂದು ಟೈಟೇನಿಯಂ ರಾಡ್ ಇಳಿಸಿ, ಮೇಲೂ ಕೆಳಗೂ ಅಡ್ಡಡ್ಡ ಸ್ಕ್ರೂ ಹಾಕಿ ಕಳಿಸಿದರು. ಕಾಲಿಗೆ ಭಾರ ಬಿಡಬಾರದು, ವಾಕರ್ ಹಿಡಿದೇ ಓಡಾಡಬೇಕು, ದಿನಕ್ಕೆರಡು ಹೊತ್ತು ಹಿಮ್ಮಡಿ ಜಾರಿಸುವ ವ್ಯಾಯಾಮ ಮಾಡಬೇಕು. ನೋಡಲು ಬಂದ ನಮ್ಮ ಮೇಸ್ತ್ರಿ ಎಕ್ಸ್-ರೇಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ನೋವು ಹೇಗಿದೆ ಎಂದು ಕೇಳಲಿಲ್ಲ. "ಲಾಕಿಂಗ್ ಬೋಲ್ಟ್ ಚೆನ್ನಾಗಿ ಕೂಡಿಸಿದ್ದಾರೆ ಮೇಷ್ಟ್ರೇ. ಬಿಚ್ಚೋಕೂ ಸುಲಭ" ಎಂದರು. ಬಂದವರೆಲ್ಲ ಹೇಳಿದ ಸಮಾಧಾನಗಳಲ್ಲಿ ನನಗೆ ಹಿಡಿಸಿದ್ದು ಇದೊಂದೇ.

ಈ ಮೇಸ್ತ್ರಿ ಹಳೆಯ ಜಾವಾ ಫ್ಯಾಕ್ಟರಿಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಮುಂಬಯಿಯಲ್ಲಿ ಜಾವಾ ತರಿಸಿ ಮಾರುತ್ತಿದ್ದ ಇರಾನಿ ಮನೆತನದವರು, ಹೊರದೇಶದ ಗಾಡಿ ತರಿಸುವುದಕ್ಕೆ ಸರ್ಕಾರ ತಡೆ ಹಾಕಿದ ಮೇಲೆ, ಇಲ್ಲೇ ತಯಾರಿಸಲು ಮೈಸೂರಿಗೆ ಬಂದರು. ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಮೊದಲು ಜಾವಾ ಹೆಸರಿನಲ್ಲಿ, 1973ರಿಂದೀಚೆಗೆ ಯೆಜ್ಡಿ ಹೆಸರಿನಲ್ಲಿ ಗಾಡಿಗಳು ಹೊರಬಂದವು. 1996ರಲ್ಲಿ ಬಾಗಿಲು ಮುಚ್ಚಿತು. ಆದರೆ ಊರಿನಲ್ಲಿ ಕೈಗಳು ಉಳಿದವು. ಯಾವ ನಟ್ಟನ್ನು ಎಷ್ಟು ಬಿಗಿ ಮಾಡಬೇಕೆಂದು ಮಣಿಕಟ್ಟಿಗೇ ಗೊತ್ತಿರುವ ಒಂದಷ್ಟು ಜನ ಇವತ್ತಿಗೂ ಮೈಸೂರಿನಲ್ಲಿ ಸಿಗುತ್ತಾರೆ. ಎಲ್ಲರಿಗೂ ವಯಸ್ಸಾಗಿದೆ.

ನನ್ನ ಜಾವಾ ಸೋದರಮಾವನದು. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂತು. ಒಂದಷ್ಟು ಕಾಲ ಓಡಿಸಿದೆ, ಆಮೇಲೆ ಸರಿಯಾಗಿ ರಿಪೇರಿ ಮಾಡಬೇಕೆಂದು ಬಿಚ್ಚಿದೆ, ಬಿಚ್ಚಿದ್ದನ್ನು ಹಾಗೇ ಬಿಟ್ಟೆ. ಷೆಡ್ಡಿನ ಮೂಲೆಯಲ್ಲಿ ಚಾಸಿಸ್ಸು ಟಾರ್ಪಾಲು ಹೊದ್ದು ನಿಂತಿತ್ತು. ಉಳಿದದ್ದೆಲ್ಲ ಹಾರ್ಲಿಕ್ಸ್ ಬಾಟಲಿಗಳಲ್ಲಿ, ಬಿಸ್ಕತ್ತಿನ ಡಬ್ಬಗಳಲ್ಲಿ, ಸೀಮೆಎಣ್ಣೆ ವಾಸನೆಯ ಹಳೆ ಬನಿಯನ್ನುಗಳಲ್ಲಿ. ಓಡುವ ಗಾಡಿ ಒಂದು ಮನೆಯಲ್ಲಿದ್ದಾಗ ಓಡದ ಗಾಡಿಯ ಮುಂದೆ ಕೂರುವ ತಾಳ್ಮೆ ಯಾರಿಗಿರುತ್ತದೆ? ಭಾನುವಾರ ಬಂದರೆ ಹೊಸ ಗಾಡಿ ಹತ್ತಿ ಕೊಡಗಿನ ಕಡೆ ಹೊರಟುಬಿಡುತ್ತಿದ್ದೆ.

ಷೆಡ್ಡಿಗೆ ನಾನು ಹೋಗುವ ಹಾಗಿರಲಿಲ್ಲ. ಮೂರು ಮೆಟ್ಟಿಲು ಇಳಿಯಬೇಕು. ಹೀಗಾಗಿ ಜಾವಾ ನನ್ನ ಬಳಿಗೆ ಬರತೊಡಗಿತು, ಒಂದೊಂದೇ ಡಬ್ಬವಾಗಿ. ಸಂಜೆ ಮಗಳು ಕಾಲೇಜಿನಿಂದ ಬಂದವಳು ಕೇಳುತ್ತಿದ್ದಳು, "ಅಪ್ಪಾ, ಇವತ್ತು ಯಾವ ಡಬ್ಬ?"

ಮೊದಲು ಬಂದದ್ದು ಕಾರ್ಬೊರೇಟರ್. ಚೆಕ್ ದೇಶದ ಜಿಕೋವ್. ಅಂಗೈಯಲ್ಲಿ ಹಿಡಿಸುವಷ್ಟು, ಹಿಡಿದರೆ ತೂಕ ಗೊತ್ತಾಗುವಷ್ಟು. ಗಾಡಿಯ ಮೇಲಿದ್ದಾಗ ಇದು ಕಾಣುವುದೇ ಇಲ್ಲ. ಜಾವಾ ಮಾಡಿದವರು ಅದನ್ನು ಎಂಜಿನ್ನಿನದೇ ಮೈಯೆನ್ನುವಂಥ ಒಂದು ಮುಚ್ಚಳದ ಹಿಂದೆ ಅಡಗಿಸಿಟ್ಟಿದ್ದಾರೆ. ಚೈನಿಗೂ ಪೂರ್ತಿ ಮುಚ್ಚಿದ ಕವಚ. ಓಡಿಸುವವನ ಪಂಚೆಗಾಗಲಿ ಪ್ಯಾಂಟಿಗಾಗಲಿ ಎಣ್ಣೆ ತಾಗಕೂಡದು ಎಂಬ ಮರ್ಯಾದೆ ಅದು. ಆ ಮರ್ಯಾದೆಯ ಇನ್ನೊಂದು ಪರಿಣಾಮವೆಂದರೆ, ಸವಾರನಿಗೆ ಯಂತ್ರದ ಅತಿ ಚೆಲುವಾದ ಭಾಗಗಳು ಕಣ್ಣಿಗೇ ಬೀಳುವುದಿಲ್ಲ.

ಮಂಚದ ಪಕ್ಕದ ಮೇಜಿನ ಮೇಲೆ ಹಳೆ ಪೇಪರು ಹಾಸಿ ಬಿಚ್ಚಿದೆ. ಒಳಗೆ ಹಳೆಯ ಪೆಟ್ರೋಲು ಒಣಗಿ ಕಂದು ಬಣ್ಣದ ಅಂಟಾಗಿ ಕೂತಿತ್ತು. ಅದು ಥಿನ್ನರಿನಲ್ಲಿ ನಿಧಾನಕ್ಕೆ ಕರಗಿತು. ಹಿತ್ತಾಳೆಯ ಜೆಟ್ಟುಗಳ ಮೈ ಕಪ್ಪಾಗಿತ್ತು. ಅಡುಗೆಮನೆಯಿಂದ ಒಂದು ಉಂಡೆ ಹುಣಸೆಹಣ್ಣು ತರಿಸಿ ಬೆರಳಲ್ಲಿ ತಿಕ್ಕಿದೆ. ದೇವರ ಮನೆಯ ದೀಪಕ್ಕೆ ಬರುವ ಬಣ್ಣವೇ ಬಂತು. ಜೆಟ್ಟಿನ ರಂಧ್ರಕ್ಕೆ ಮಾತ್ರ ತಂತಿ ಹಾಕುವಂತಿಲ್ಲ. ಹಿತ್ತಾಳೆ ಮೆತ್ತಗೆ, ತಂತಿ ಗೀರಿದರೆ ರಂಧ್ರ ದೊಡ್ಡದಾಗುತ್ತದೆ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ. ನೀರಿನಲ್ಲಿ ತೊಳೆದು ಒಣಗಿಸಿ, ಸೈಕಲ್ ಪಂಪಿನಲ್ಲಿ ಗಾಳಿ ಊದಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೂದಲೆಳೆಗಿಂತ ತುಸು ದಪ್ಪದ ಒಂದು ಕಿಂಡಿ, ಅದರಲ್ಲಿ ದುಂಡಗೆ ಬೆಳಕು. ಈ ಕಿಂಡಿಯಲ್ಲಿ ಹಾದುಹೋದಷ್ಟು ಪೆಟ್ರೋಲೇ ಮಾವನನ್ನು ಮೈಸೂರಿನಿಂದ ಚಾಮರಾಜನಗರಕ್ಕೆ, ಅಲ್ಲಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೊತ್ತದ್ದು.

ಆಮೇಲೆ ಸ್ಲೈಡ್. ಎಕ್ಸಿಲೇಟರ್ ತಿರುಗಿಸಿದಾಗ ಮೇಲೇಳುವ ಉರುಳೆಯ ಆಕಾರದ ತುಂಡು ಇದು. ಶುದ್ಧ ಮಾಡಿದ ಮೇಲೆ ಅದನ್ನು ಅದರ ಕೊಳವೆಯ ಬಾಯಿಗಿಟ್ಟು ಬೆರಳು ಬಿಟ್ಟೆ. ಅದು ಧೊಪ್ಪನೆ ಬೀಳಲಿಲ್ಲ. ತನ್ನ ಸುತ್ತಲಿನ ಗಾಳಿಯನ್ನು ತಳ್ಳಿಕೊಂಡು, ನಿಧಾನವಾಗಿ, ತನಗೆ ಎಷ್ಟು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು ಇಳಿದು, ಕೊನೆಯಲ್ಲಿ 'ಟಕ್' ಎಂದಿತು. ಲೋಹಕ್ಕೂ ಲೋಹಕ್ಕೂ ನಡುವೆ ಇಷ್ಟೇ ಇಷ್ಟು ಜಾಗ ಬಿಡಬೇಕೆಂದು ಯಾರೋ ಲೇತಿನ ಮುಂದೆ ನಿಂತು ನಿರ್ಧರಿಸಿದ್ದರಲ್ಲ, ಆ ನಿರ್ಧಾರದ ಸದ್ದು ಅದು. ಮತ್ತೆ ಎತ್ತಿದೆ, ಮತ್ತೆ ಬಿಟ್ಟೆ. ಹೆಂಡತಿ ಅಡುಗೆಮನೆಯಿಂದ "ಏನ್ರೀ ಅದು ಟಕ್ ಟಕ್?" ಎನ್ನುವವರೆಗೂ ಬಿಡುತ್ತಲೇ ಇದ್ದೆ. ವರ್ಷಗಟ್ಟಲೆ ಈ ಗಾಡಿಯ ಎಕ್ಸಿಲೇಟರ್ ತಿರುಗಿಸಿದ ಕೈ ಇದು. ಆ ತಿರುವಿನ ಇನ್ನೊಂದು ತುದಿಯಲ್ಲಿ ಇಂಥದೊಂದು ಸುಖ ಇದೆಯೆಂದು ಅದಕ್ಕೆ ಗೊತ್ತೇ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಓದುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಆಗ ಒಂದು ವಿಚಿತ್ರ ನಂಟು ಕಣ್ಣಿಗೆ ಬಿತ್ತು. ನನ್ನ ಕಾಲಿನಲ್ಲಿರುವಂಥ ರಾಡನ್ನು ಮೂಳೆಯ ಒಳಗೆ ಇಳಿಸುವ ವಿಧಾನವನ್ನು ಜರ್ಮನಿಯ ಕೀಲ್ ನಗರದ ಗೆರ್ಹಾರ್ಡ್ ಕ್ಯೂಂಚರ್ ಎಂಬ ಶಸ್ತ್ರವೈದ್ಯ ಮೊದಲು ಮಾಡಿದ್ದು 1939ರಲ್ಲಿ. ನನ್ನ ತಲೆ ಉಳಿಸಿದ ಹೆಲ್ಮೆಟ್ಟಿನ ಹಿಂದೆ ಹ್ಯೂ ಕೇರ್ನ್ಸ್ ಎಂಬ ಇನ್ನೊಬ್ಬ ವೈದ್ಯನಿದ್ದಾನೆ. 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರಲ್ಲಿ ತನ್ನ ಬ್ರಫ್ ಸುಪೀರಿಯರ್ ಮೋಟರ್‌ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಪ್ರಜ್ಞೆ ಬರದೆ ಸತ್ತಾಗ, ನೋಡಿಕೊಂಡ ವೈದ್ಯರಲ್ಲಿ ಈ ಕೇರ್ನ್ಸ್ ಒಬ್ಬ. ಆ ಸಾವು ಅವನನ್ನು ಬಿಡಲಿಲ್ಲ. ಮೋಟರ್‌ಸೈಕಲ್ ಸವಾರರ ತಲೆಪೆಟ್ಟಿನ ಬಗ್ಗೆ, ಹೆಲ್ಮೆಟ್ಟಿನ ಉಪಯೋಗದ ಬಗ್ಗೆ ಅವನು ಲೇಖನ ಪ್ರಕಟಿಸಿದ್ದು 1941ರಲ್ಲಿ. ಜಾವಾದ ಕಥೆಯೂ ಅದೇ ಕಾಲದ್ದು, ಎರಡನೆಯ ಮಹಾಯುದ್ಧದ್ದು. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಪ್ರಾಗ್‌ನಲ್ಲಿ ಆರಂಭಿಸಿದ ಕಂಪನಿ ಯುದ್ಧಕಾಲದಲ್ಲಿ ಜರ್ಮನರ ಹಿಡಿತಕ್ಕೆ ಬಂತು. ಮೋಟರ್‌ಸೈಕಲ್ ಮಾಡುವ ಮಾತೇ ಇರಲಿಲ್ಲ. ಆದರೂ ಒಳಗಿನ ಕೆಲವು ಎಂಜಿನಿಯರುಗಳು ಕಣ್ತಪ್ಪಿಸಿ ಒಂದು 250 ಸಿಸಿ ಗಾಡಿಯ ವಿನ್ಯಾಸ ಮಾಡುತ್ತಲೇ ಇದ್ದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಪ್ಯಾರಿಸ್ ಪ್ರದರ್ಶನದಲ್ಲಿ ಅದು ಹೊರಬಂತು. ಹೆಸರು ಪೆರಾಕ್. ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಗೂಡಿನಲ್ಲಿ, ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುವ ಏರ್ಪಾಟು.

ಆ ಎಂಜಿನಿಯರುಗಳಿಗೆ ಗಾಡಿ ತಯಾರಿಸಿ ಮಾರುವ ಅವಕಾಶ ಇರಲಿಲ್ಲ, ಕೂತು ಯೋಚಿಸಲು ಹೊತ್ತು ಇತ್ತು. ಜಾವಾದ ಒಳಗೆಲ್ಲ ಕಾಣುವ ಜಿಪುಣ ಬುದ್ಧಿವಂತಿಕೆ ಅಲ್ಲಿಂದಲೇ ಬಂದಿರಬೇಕು ಎನ್ನುವುದು ನನ್ನ ಊಹೆ. ಅವಸರದಲ್ಲಿ ಮಾಡಿದ ಯಂತ್ರಕ್ಕೆ ಭಾಗಗಳು ಜಾಸ್ತಿ. ಪೆರಾಕ್‌ನ ನಂತರ 1954ರಲ್ಲಿ ಬಂದ 353 ಮಾದರಿಗೆ ಹಿಂದಿನ ಚಕ್ರಕ್ಕೆ ಸ್ವಿಂಗ್‌ಆರ್ಮ್ ಸೇರಿತು, 16 ಇಂಚಿನ ಚಕ್ರಗಳು ಬಂದವು. ಮೈಸೂರಿನ ಜಾವಾ ಇದರ ತಂಗಿ. ಸಿಲಿಂಡರಿನ ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಸುಮಾರು 12 ಅಶ್ವಶಕ್ತಿ. ಇವತ್ತಿನ ಹುಡುಗರು ಕೇಳಿದರೆ ನಗುವಷ್ಟು.

ನಗುವವರು ಆ ಸಿಲಿಂಡರನ್ನು ಒಮ್ಮೆ ಮಡಿಲಲ್ಲಿ ಇಟ್ಟುಕೊಂಡು ನೋಡಬೇಕು. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಪುಶ್‌ರಾಡ್ ಇಲ್ಲ. ಬೀಡಿನ ಗೋಡೆಯಲ್ಲಿ ಕೊರೆದ ಕೆಲವು ಕಿಟಕಿಗಳು, ಅವುಗಳ ಮುಂದೆ ಮೇಲೆ ಕೆಳಗೆ ಓಡಾಡುವ ಒಂದು ಪಿಸ್ಟನ್. ಯಾವ ಕಿಟಕಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಪಿಸ್ಟನ್ನಿನ ಅಂಚೇ ನೋಡಿಕೊಳ್ಳುತ್ತದೆ. ಹೊಗೆ ಹೋಗುವ ಕಿಟಕಿಗಳು ಎರಡು, ಅದಕ್ಕೇ ಒಂದೇ ಸಿಲಿಂಡರಿನ ಗಾಡಿಗೆ ಎರಡು ಸೈಲೆನ್ಸರ್. ಕಿಟಕಿಗಳ ಅಂಚಿನಲ್ಲಿ ಗಟ್ಟಿಯಾದ ಮಸಿ ಕೂತಿತ್ತು. ಉಕ್ಕಿನ ಚಾಕು ಬೇಡ, ಪಿಸ್ಟನ್ ಅಲ್ಯೂಮಿನಿಯಂ, ಗೀರಾಗುತ್ತದೆ ಎಂದು ಮೇಸ್ತ್ರಿ ಬಿದಿರಿನ ಒಂದು ಚೂರನ್ನು ಕೆತ್ತಿ ಕೊಟ್ಟರು. ಆ ಬಿದಿರಿನಲ್ಲಿ ಮಸಿ ಕೆರೆಯುತ್ತ ಕೂತ ಮಧ್ಯಾಹ್ನಗಳು ಈಗಲೂ ಕೈಬೆರಳಲ್ಲಿವೆ. ಮಸಿ ಪುಡಿಪುಡಿಯಾಗಿ ಉದುರುವುದು, ಅದರ ಕೆಳಗೆ ಬೂದುಬಣ್ಣದ ಲೋಹ ಇಷ್ಟಿಷ್ಟೇ ಕಾಣುವುದು, ಅದರ ಮೇಲೆ ಹಳೆಯ ಸಾಣೆಯ ಗುರುತಿನಂಥ ವೃತ್ತಗಳು. ಫಿಸಿಯೊಥೆರಪಿಗೆ ಬರುವ ಹುಡುಗಿ ಒಮ್ಮೆ ಇದನ್ನು ನೋಡಿ, "ಅಂಕಲ್, ಕಾಲಿಗೂ ಇಷ್ಟೇ ಹೊತ್ತು ಕೊಡಿ" ಎಂದಳು. ನ್ಯಾಯವಾದ ಮಾತು. ಆದರೆ ಕಾಲಿನ ಮೂಳೆ ನಾನು ನಿದ್ದೆಯಲ್ಲಿದ್ದಾಗಲೂ ತಾನೇ ಕೂಡಿಕೊಳ್ಳುತ್ತದೆ. ಎಕ್ಸ್-ರೇಯಲ್ಲಿ ಮುರಿದ ಗೆರೆಯ ಸುತ್ತ ಹೊಸ ಮೂಳೆ ಮಸುಕಾಗಿ ಕಾಣತೊಡಗಿತ್ತು. ಸಿಲಿಂಡರು ಯಾರ ನಿದ್ದೆಯಲ್ಲೂ ರಿಪೇರಿಯಾಗುವುದಿಲ್ಲ.

ಬೋರ್ ಸವೆದಿತ್ತು. ಲೇತಿನವರ ಬಳಿ ಕಳಿಸಿ ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ದಾಯಿತು. ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲೂ ಸಿಗದ್ದಕ್ಕೆ ಶಿವಾಜಿನಗರದ ಗುಜರಿ. ನಾನು ಹೋಗುವಂತಿರಲಿಲ್ಲವಾದ್ದರಿಂದ ಎಲ್ಲ ಫೋನಿನಲ್ಲೇ. ಇದರಲ್ಲಿ ಹೆಚ್ಚಿನ ರಸವೇನಿಲ್ಲ, ದುಡ್ಡು ಹೋಯಿತು ಅಷ್ಟೆ.

ಟ್ಯಾಂಕಿನ ವಿಷಯ ಬೇರೆ. ಅಲ್ಲಿ ನಾನೂ ಮೇಸ್ತ್ರಿಯೂ ಜಗಳವಾಡಿದೆವು.

ಜಾವಾದ ಟ್ಯಾಂಕ್ ಎಂದರೆ ಕುಂಕುಮಕ್ಕೂ ಗಾಢವಾದ ಮರೂನ್ ಬಣ್ಣ, ಎರಡು ಪಕ್ಕೆಗೂ ಕ್ರೋಮ್, ಮೊಣಕಾಲು ಆನಿಸಲು ರಬ್ಬರಿನ ಮೆತ್ತೆ, ಬಣ್ಣವೂ ಕ್ರೋಮೂ ಸೇರುವ ಕಡೆ ಬಂಗಾರದ ಬಣ್ಣದ ಒಂದು ಸಣ್ಣ ಗೆರೆ. ನಮ್ಮದರಲ್ಲಿ ಕ್ರೋಮ್ ಅಲ್ಲಲ್ಲಿ ಎದ್ದು ತುಕ್ಕಿನ ಚುಕ್ಕೆಗಳು ಬಂದಿದ್ದವು. ಎಡಗಡೆ ಒಂದು ತಗ್ಗೂ ಇತ್ತು. ಮಾವ ಒಮ್ಮೆ ನಂಜನಗೂಡಿನ ಜಾತ್ರೆಯಲ್ಲಿ ಎತ್ತಿನ ಗಾಡಿಗೆ ಒರಗಿಸಿದಾಗ ಆದದ್ದು ಎಂದು ಮನೆಯಲ್ಲಿ ಮಾತು. ಮೇಸ್ತ್ರಿಗೆ ತಗ್ಗು ತೆಗೆದು, ಪೂರ್ತಿ ಹೊಸ ಕ್ರೋಮ್ ಹಾಕಿಸಿ, ಷೋರೂಮಿನಿಂದ ಬಂದಂತೆ ಮಾಡಬೇಕೆಂದು ಆಸೆ. "ಫ್ಯಾಕ್ಟರಿಯಿಂದ ನಾವು ಹಿಂಗೆ ಕಳಿಸ್ತಿರಲಿಲ್ಲ ಮೇಷ್ಟ್ರೇ" ಎಂದರು. ಅವರ ಮಾತಿನಲ್ಲಿ ಅಭಿಮಾನವಿತ್ತು. ತಾನು ಜೋಡಿಸಿ ಕಳಿಸಿದ ಗಾಡಿ ಹೀಗೆ ಕಾಣುವುದು ಅವರಿಗೆ ಅವಮಾನ.

ನಾನು ಒಪ್ಪಲಿಲ್ಲ. ಹಳೆಯ ಗಾಡಿ ರಿಸ್ಟೋರ್ ಮಾಡುವವರಲ್ಲಿ ಈಗ ಒಂದು ಚಟ ಬೆಳೆದಿದೆ. ಫ್ಯಾಕ್ಟರಿಯಲ್ಲಿ ಬಂದಾಗಲೂ ಇಲ್ಲದ ಹೊಳಪು ಹಾಕುತ್ತಾರೆ. ಚಾಸಿಸ್ಸಿಗೆ ಪೌಡರ್ ಕೋಟಿಂಗ್, ನಟ್ಟು ಬೋಲ್ಟಿಗೆಲ್ಲ ಸ್ಟೇನ್‌ಲೆಸ್ ಸ್ಟೀಲ್, ಟ್ಯಾಂಕಿಗೆ ಕಾರಿನ ಕ್ಲಿಯರ್ ಕೋಟ್. ಪ್ರದರ್ಶನದಲ್ಲಿ ಫೋಟೋಗೆ ಚೆನ್ನ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಎಂದು ಊರೂರಲ್ಲಿ ಗಾಡಿಗಳು ಸೇರುತ್ತವಲ್ಲ, ಅಲ್ಲಿ ಇಂಥವು ಸಾಲಾಗಿ ನಿಂತಿರುತ್ತವೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಳುವುದೇ ಕಷ್ಟ. ನನ್ನ ಕಣ್ಣು ಹೋಗುವುದು ಅವುಗಳ ನಡುವೆ ಬಣ್ಣ ಮಾಸಿ, ಸೀಟಿನ ಹೊಲಿಗೆ ಸವೆದು, ಆದರೆ ಒಂದೇ ಕಿಕ್ಕಿಗೆ ಏಳುವ ಗಾಡಿಯ ಕಡೆಗೆ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮವೂ ಹೀಗೇ ಹೇಳುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಗಾಡಿಗೆ ಮಾತ್ರ 'ವಿಂಟೇಜ್' ಎಂಬ ಮರ್ಯಾದೆ.

ಕೊನೆಗೆ ರಾಜಿ ಆಯಿತು. ತಗ್ಗು ಇರಲಿ, ತುಕ್ಕು ಬೇಡ. ಬಣ್ಣ ಎದ್ದ ಕಡೆ ಮಾತ್ರ ಹೊಸದು. ಟ್ಯಾಂಕಿನ ಒಳಗಿನ ತುಕ್ಕನ್ನು ಸಣ್ಣ ನಟ್ಟುಗಳನ್ನು ಹಾಕಿ ಕುಲುಕಿ, ರಾಸಾಯನಿಕದಲ್ಲಿ ತೊಳೆದು ತೆಗೆದರು. ಬಂಗಾರದ ಗೆರೆಯನ್ನು ಮಾತ್ರ ಸ್ಟಿಕ್ಕರಿನಲ್ಲಿ ಅಂಟಿಸಬಾರದು, ಕೈಯಲ್ಲೇ ಎಳೆಸಬೇಕು ಎಂಬ ನನ್ನ ಹಟ ಗೆದ್ದಿತು.

ಆ ಹೊತ್ತಿಗೆ ವಾಕರ್ ಹೋಗಿ ಕೋಲು ಬಂದಿತ್ತು. ಗೆರೆ ಎಳೆಯುವವರ ಮನೆಗೆ ಆಟೋದಲ್ಲಿ ಹೋದೆ. ಒಂದು ಕಾಲಕ್ಕೆ ಅಂಗಡಿ ಬೋರ್ಡು, ಸಿನಿಮಾ ಗೋಡೆ, ಲಾರಿಯ ಹಿಂಭಾಗ ಎಲ್ಲ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು. ಈಗ ಹೀಗೆ ಹಳೇ ಗಾಡಿಗಳವರು ಹುಡುಕಿಕೊಂಡು ಬಂದರೆ ಮಾತ್ರ ಬ್ರಷ್ ಹಿಡಿಯುತ್ತಾರೆ. ಎನಾಮಲ್ ಬಣ್ಣವನ್ನು ಒಂದು ಗಾಜಿನ ಚೂರಿನ ಮೇಲೆ ಸುರಿದು, ಥಿನ್ನರ್ ಹನಿಸಿ, ಬ್ರಷ್ಷನ್ನು ಅದರಲ್ಲಿ ಹಿಂದೆ ಮುಂದೆ ಎಳೆದು ಹದ ನೋಡಿದರು. ಬ್ರಷ್ಷಿನ ಕೂದಲು ಕಿರುಬೆರಳಿನಷ್ಟು ಉದ್ದ, ತುದಿಯಲ್ಲಿ ಒಂದೆರಡೇ ಎಳೆ. ಟೇಪ್ ಅಂಟಿಸಲಿಲ್ಲ, ಪೆನ್ಸಿಲ್ ಗೆರೆ ಹಾಕಲಿಲ್ಲ. ಟ್ಯಾಂಕಿನ ಅಂಚಿನ ಮೇಲೆ ಕಿರುಬೆರಳು ಊರಿ, ಬ್ರಷ್ಷಿನ ಕೂದಲನ್ನು ಪೂರ್ತಿ ಮಲಗಿಸಿ, ತನ್ನ ಕಡೆಗೆ ಎಳೆಯತೊಡಗಿದರು. ಎಳೆದದ್ದು ಕೈಯಲ್ಲ, ಇಡೀ ಮೈ. ಮೊಣಕಾಲೂರಿ ಕೂತವರು ಹಿಂದಕ್ಕೆ ಹಿಂದಕ್ಕೆ ಜರುಗಿದರು. ಟ್ಯಾಂಕಿನ ಮುಂದಿನ ತಿರುವು ಬಂದಾಗ ಉಸಿರು ನಿಂತಿತು, ವೇಗ ತಗ್ಗಿತು, ಅಲ್ಲಿ ಗೆರೆ ಒಂದು ಎಳೆಯಷ್ಟು ದಪ್ಪವಾಯಿತು, ತಿರುವು ದಾಟಿದ ಮೇಲೆ ಮತ್ತೆ ಸಣ್ಣಗಾಯಿತು. ಪಕ್ಕದ ಮನೆಯ ರೇಡಿಯೋದಲ್ಲಿ ಯಾವುದೋ ಜಾಹೀರಾತು. ಗೆರೆ ಹೊರಟಲ್ಲಿಗೇ ಬಂದು ಸೇರಿತು. ಸೇರಿದ ಜಾಗ ಎಲ್ಲಿ ಎಂದು ನಾನು ಹುಡುಕಿದೆ. ಸಿಕ್ಕಿತು, ಬೆಳಕಿಗೆ ಓರೆಯಾಗಿ ನೋಡಿದರೆ ಮಾತ್ರ.

ಆ ತಿರುವಿನ ದಪ್ಪ ನನಗೆ ಈ ಇಡೀ ಗಾಡಿಯಲ್ಲಿ ಅತಿ ಪ್ರಿಯವಾದ ಜಾಗ. ಸ್ಟಿಕ್ಕರಿಗೆ ತಿರುವು ಕಷ್ಟವೆಂದು ಗೊತ್ತಾಗುವುದಿಲ್ಲ. ಕೈಗೆ ಗೊತ್ತಾಗುತ್ತದೆ, ಗೊತ್ತಾದದ್ದನ್ನು ಗೆರೆ ಹೇಳಿಬಿಡುತ್ತದೆ. "ಎಷ್ಟಾಯ್ತು?" ಎಂದರೆ, ಫ್ಲೆಕ್ಸಿನವರು ಕೇಳುವುದಕ್ಕಿಂತ ಕಡಿಮೆ ಹೇಳಿದರು. ಅದಕ್ಕೆ ನಾನು ಒಪ್ಪಲಿಲ್ಲ.

ಕೊನೆಯ ಕೆಲಸ ಪಾಯಿಂಟು. ಈಗಿನ ಗಾಡಿಗಳಲ್ಲಿ ಕಿಡಿ ಯಾವಾಗ ಬರಬೇಕೆಂದು ಸಣ್ಣ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಜಾವಾದಲ್ಲಿ ಅದು ಎರಡು ಲೋಹದ ಚುಕ್ಕೆಗಳ ಸಂಸಾರ. ಕ್ರ್ಯಾಂಕ್ ತಿರುಗಿದಂತೆ ಅವು ಕೂಡುತ್ತವೆ, ಬಿಡುತ್ತವೆ, ಬಿಟ್ಟ ಗಳಿಗೆಯಲ್ಲಿ ಪ್ಲಗ್ಗಿನಲ್ಲಿ ಕಿಡಿ. ಪೂರ್ತಿ ಬಿಟ್ಟಾಗ ನಡುವಿನ ಜಾಗ 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜಿನ ತೆಳು ತಗಡನ್ನು ಹಾಕಿ ಎಳೆದರೆ, ತಡೆಯಲೂ ಬಾರದು, ಸಲೀಸಾಗಿ ಜಾರಲೂ ಬಾರದು. ಅದರ ನಂತರ, ಬಿಡುವ ಗಳಿಗೆ ಯಾವುದು ಎಂದು ಹಿಡಿಯಬೇಕು. ಮೇಸ್ತ್ರಿ ಜೇಬಿನಿಂದ ಸಿಗರೇಟಿನ ತೆಳು ಕಾಗದ ತೆಗೆದು ಪಾಯಿಂಟಿನ ನಡುವೆ ಸಿಕ್ಕಿಸಿದರು. ತುದಿಯನ್ನು ನನ್ನ ಬೆರಳಿಗೆ ಕೊಟ್ಟು, ತಾವು ಎಂಜಿನ್ನನ್ನು ಇಷ್ಟಿಷ್ಟೇ ತಿರುಗಿಸಿದರು. "ಎಳ್ಕೊಂಡೇ ಇರಿ, ಜೋರಾಗಿ ಬೇಡ." ಕಾಗದ ಬಿಗಿಯಾಗಿಯೇ ಇತ್ತು, ಇತ್ತು, ಒಂದು ಹಂತದಲ್ಲಿ ಹಟ ಬಿಟ್ಟು ಬೆರಳಿನ ಜೊತೆ ಬಂದುಬಿಟ್ಟಿತು. ಆ ಕ್ಷಣಕ್ಕೆ ಮೇಸ್ತ್ರಿ ಕೈ ನಿಲ್ಲಿಸಿ ಪಿಸ್ಟನ್ ಎಲ್ಲಿದೆ ಎಂದು ಅಳೆದರು. ಕೈಪಿಡಿಯಲ್ಲಿರುವ ಅಳತೆಗೆ ತಾಳೆಯಾಗಲು ಇನ್ನೊಂದಿಷ್ಟು ಸರಿಸಿದರು. ಮತ್ತೆ ಕಾಗದ. ಕಿಡಿಯ ಕಾಲವನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದ್ದು ನಾನು ಅದೇ ಮೊದಲು.

ಸ್ಟಾರ್ಟ್ ಮಾಡುವ ದಿನ ಪೆಟ್ರೋಲಿಗೆ ಎಣ್ಣೆ ಬೆರೆಸುವ ಸಂಭ್ರಮ ಒಂದು. ಲೀಟರಿಗೆ 40 ಮಿಲಿ ಟೂಟಿ ಆಯಿಲ್. ಎಂಜಿನ್ನಿಗೆ ಬೇರೆ ಎಣ್ಣೆ ಇಲ್ಲ, ಕುಡಿಯುವ ಪೆಟ್ರೋಲಿನಲ್ಲೇ ಅದರ ಎಣ್ಣೆಯೂ ಬರಬೇಕು. ಬಂಕಿನಲ್ಲಿ ಎಣ್ಣೆಯ ಕೈಪಂಪು ತಿರುಗಿಸಿ ಅಳತೆ ಹಾಕುತ್ತಿದ್ದ ಕಾಲ ಹೋಯಿತು, ಈಗ ಡಬ್ಬಿ ತಂದು ನಾವೇ ಬೆರೆಸಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ. ಹಳೆಯ ರಬ್ಬರಿಗೆ ಅದು ಆಗುವುದಿಲ್ಲ, ಹೀಗಾಗಿ ಪೈಪೆಲ್ಲ ಹೊಸದು ಹಾಕಿದ್ದೆವು.

ಕಿಕ್ ಹೊಡೆಯುವುದು ಯಾರು? ಲಿವರ್ ಎಡಗಡೆ, ನನ್ನ ರಾಡೂ ಎಡಗಡೆ. ಮೇಸ್ತ್ರಿಗೆ ಮಂಡಿ ನೋವು. ಮಗಳು ಮುಂದೆ ಬಂದಳು.

"ಅಪ್ಪಾ, ಯಾವ ಕಡೆ ನಿಂತು ಒದೆಯೋದು?"

"ಒದೀಬೇಡಮ್ಮ" ಎಂದರು ಮೇಸ್ತ್ರಿ. "ಒಳಗಡೆ ಒತ್ತು, ಮೇಲಕ್ಕೆ ತಿರುಗ್ಸು, ಈಗ ಪಾದ ಇಟ್ಟು ಕೆಳಕ್ಕೆ ಒತ್ತು. ಬುಲೆಟ್ ಅಲ್ಲ ಇದು. ಮರ್ಯಾದೆಯಾಗಿ ಕೇಳಿದ್ರೆ ಏಳುತ್ತೆ."

ಒಂದೆರಡು ಸಲ ಕೆಮ್ಮಿತು. ಆಮೇಲೆ ಎದ್ದಿತು. ಎರಡು ಸೈಲೆನ್ಸರಿನಿಂದಲೂ ನೀಲಿ ಹೊಗೆ, ಅದರ ಜೊತೆ ಹರಳೆಣ್ಣೆಯನ್ನು ನೆನಪಿಸುವ ಆ ವಾಸನೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು, ಅವರದು ತಪ್ಪಲ್ಲ.

ಟೂ ಸ್ಟ್ರೋಕ್ ಗಾಡಿ ಐಡ್ಲಿಂಗಿನಲ್ಲಿ ನಿಂತಾಗ ಒಂದೇ ಲಯದಲ್ಲಿ ಬಡಿಯುವುದಿಲ್ಲ. ಎಕ್ಸಿಲೇಟರ್ ಕಡಿಮೆಯಿದ್ದಾಗ ಒಳಗೆ ಬರುವ ಹೊಸ ಗಾಳಿ ಸಾಲದು, ಹಳೆಯ ಹೊಗೆ ಪೂರ್ತಿ ಹೊರಗೆ ಹೋಗುವುದಿಲ್ಲ. ಒಂದು ಸುತ್ತಿನಲ್ಲಿ ಕಿಡಿ ಬಂದರೂ ಉರಿಯುವುದಿಲ್ಲ, ಇನ್ನೊಂದರಲ್ಲಿ ಉರಿಯುತ್ತದೆ, ಮತ್ತೊಂದರಲ್ಲಿ ಬಿಡುತ್ತದೆ. ಹೀಗಾಗಿ ಡುಗ್... ಡುಗ್ ಡುಗ್... ಡುಗ್. ಯಾವ ತಾಳಕ್ಕೂ ಸಿಗುವುದಿಲ್ಲ, ಆದರೆ ತಪ್ಪಿದೆ ಎಂದೂ ಅನ್ನಿಸುವುದಿಲ್ಲ. ತನಿ ಆವರ್ತನದ ಕೊನೆಯಲ್ಲಿ ಮೃದಂಗದವರು ಬೇಕೆಂದೇ ಪೆಟ್ಟು ಬಿಟ್ಟು ಕೇಳುವವರನ್ನು ಕಾಯಿಸುತ್ತಾರಲ್ಲ, ಕಿವಿ ಹಾಗೇ ಮುಂದಿನ ಪೆಟ್ಟಿಗೆ ಕಾಯುತ್ತದೆ. ಎಕ್ಸಿಲೇಟರ್ ಒಂದಿಷ್ಟು ಎತ್ತಿದರೆ ಎಲ್ಲ ಪೆಟ್ಟೂ ಸಾಲಾಗಿ ಬಂದು ಆ ಮೋಜು ಹೋಗುತ್ತದೆ. ಓಡಿಸುವವನಿಗೆ ಈ ಐಡ್ಲಿಂಗ್ ಕೇಳಲು ಪುರುಸೊತ್ತೆಲ್ಲಿ? ಸ್ಟಾರ್ಟ್ ಆದ ಕೂಡಲೇ ಹೊರಡುತ್ತಾನೆ. ನಾನು ಕುರ್ಚಿ ಹಾಕಿಸಿಕೊಂಡು ಎಂಜಿನ್ ಬಿಸಿಯಾಗುವವರೆಗೂ ಕೇಳಿದೆ.

ಮೇಸ್ತ್ರಿ ಗಾಡಿ ತೆಗೆದುಕೊಂಡು ಬೀದಿಯ ತುದಿಯವರೆಗೆ ಹೋದರು. ಮೊದಲ ಗೇರ್, ಎರಡನೆಯದು. ಮೂರನೆಯದಕ್ಕೆ ಹೋಗುವಾಗ ಅವರು ಕೈಯ ಕ್ಲಚ್ ಹಿಡಿಯಲಿಲ್ಲ ಎಂಬುದು ಗೇಟಿನ ಬಳಿ ಕೂತ ನನಗೂ ಸದ್ದಿನಲ್ಲೇ ಗೊತ್ತಾಯಿತು. ವಾಪಸು ಬರುವಾಗ ಡುಗ್ ಡುಗ್‌ನ ಕೆಳಗೆ ಇನ್ನೊಂದು ಸಣ್ಣ ಝಣಝಣ ಸೇರಿಕೊಂಡಿತ್ತು.

"ಬಲಗಡೆ ಸೈಲೆನ್ಸರಿನ ಬ್ಯಾಫಲ್" ಎಂದೆ, ಅವರು ಇಳಿಯುವ ಮೊದಲೇ.

"ಎಡಗಡೆ" ಎಂದರು ಮೇಸ್ತ್ರಿ.

ಮಗಳು ಹತ್ತರ ಸ್ಪ್ಯಾನರ್ ಹಿಡಿದು ಎರಡು ಸೈಲೆನ್ಸರಿನ ಹಿಂದೆಯೂ ಕೂತು ಒಂದೊಂದಾಗಿ ಬಿಗಿ ಮಾಡಿ ನೋಡಿದಳು. ಎರಡೂ ಗಟ್ಟಿಯಾಗಿದ್ದವು. ಸಡಿಲವಾಗಿದ್ದದ್ದು ನಂಬರ್ ಪ್ಲೇಟು.